ಈ ಸಲದ ಮಾತು

ಸಾಹಿತ್ಯದ ಪುಟದಲ್ಲಿ ಚೆಂಡುದಾಂಡುಗಳ ಪ್ರಸ್ತಾಪವೇಕೆಂದು ನಮ್ಮ ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುವುದು ಸಹಜ. ಪಂದ್ಯದ ವರದಿಗೆ ಈ ಪತ್ರಿಕೆಯಲ್ಲಿಯೇ ಬೇರೆ ಪುಟವಿದೆ. ಅತ್ತ ಕೈಚಾಚುವ ಆಸೆ ನಮಗಿಲ್ಲ. ನಾವು ಎತ್ತಿಕೊಂಡಿರುವುದು ಪಂದ್ಯಕ್ಕೆ ಮೊದಲು ನಡೆಯುವ ಮಾತಿನ ವಿಷಯ. ಒಂದು ಚೆಂಡೂ ಇನ್ನೂ ಬೀಳದಿರುವಾಗ, ಆಟಗಾರರಲ್ಲಿ ಹಲವರು ಇನ್ನೂ ತಮ್ಮ ತಮ್ಮ ದೇಶಗಳಲ್ಲಿಯೇ ಇರುವಾಗ, ಬೆಂಗಳೂರಿನ ಅಂಚಿನ ಪೀಣ್ಯದಲ್ಲಿ, ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜನ ಗುಂಪುಗೂಡಿ ಈ ವರ್ಷ ನಮ್ಮ ತಂಡದ ಗತಿ ಏನೆಂದು ಆಡುವ ಮಾತು ಅದು. ಮಾತು ಎಲ್ಲಿ ಹುಲುಸಾಗಿ ಬೆಳೆಯುತ್ತಿದೆಯೋ ಅತ್ತ ಕನ್ನಡದ ಅಧ್ಯಾಪಕನಾದವನು ಒಮ್ಮೆ ಹೊರಳಿ ನೋಡುವುದು ಅವನ ಕಸುಬಿಗೆ ಸೇರಿದ ಕೆಲಸವೇ ಸರಿ.

ಈ ಮೂರು ಎಡೆಗಳ ಚರಿತ್ರೆ ಒಂದೇ ಬಗೆಯದಲ್ಲ. ವೈಟ್‌ಫೀಲ್ಡ್ 1882ರಲ್ಲಿ, ಮೈಸೂರಿನ ಅರಸರು ಕೊಟ್ಟ ಭೂಮಿಯಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿಕೊಂಡ ಊರು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಏಳುವಂತಾದುದು 1978ರ ಸುಮಾರಿನಲ್ಲಿ ಕಿಯೋನಿಕ್ಸಿನ ಆರ್. ಕೆ. ಬಾಳಿಗರು ಕಂಡ ಕನಸಿನಿಂದ. ಪೀಣ್ಯವಂತೂ ಲೇತು, ಮಿಲ್ಲಿಂಗು, ಎರಕ, ಸಿದ್ಧ ಉಡುಪು ಮೊದಲಾದ ಸಣ್ಣ ಸಣ್ಣ ಉದ್ಯಮಗಳ ಜೇನುಗೂಡು. ಆದರೆ ಇಂದು ಈ ಮೂರಕ್ಕೂ ಸಮಾನವಾದ ಲಕ್ಷಣವೊಂದಿದೆ: ಅಲ್ಲಿ ದುಡಿಯುವವರಲ್ಲಿ ಬಹುಮಂದಿಗೆ ಅದು ಹುಟ್ಟೂರಲ್ಲ. ಕಲಬುರಗಿಯ ಕಡೆಯಿಂದ ಬಂದ ಲೇತಿನ ಕೆಲಸಗಾರ, ಒಡಿಶಾದ ವೆಲ್ಡರು, ತುಮಕೂರಿನ ಹಳ್ಳಿಯಿಂದ ಬಂದು ಹೊಲಿಗೆಯಂತ್ರದ ಮುಂದೆ ಕುಳಿತ ಹೆಣ್ಣುಮಗಳು, ಗುಂಟೂರಿನ ಎಂಜಿನಿಯರು, ಮಂಡ್ಯದ ಟ್ಯಾಕ್ಸಿ ಚಾಲಕ, ಬಿಹಾರದ ಕಾವಲುಗಾರ, ಇವರೆಲ್ಲ ಪಾಳಿ ಬದಲಾಗುವ ಹೊತ್ತಿನಲ್ಲಿ ಒಂದೇ ಬೇಕರಿಯ ಕಟ್ಟೆಯ ಮುಂದೆ ಅರ್ಧ ಲೋಟ ಚಹಾ ಹಿಡಿದು ನಿಲ್ಲುತ್ತಾರೆ. ಇವರು ಪರಸ್ಪರ ಆಡಿಕೊಳ್ಳಬೇಕಾದ ಮಾತು ಯಾವುದು? ಊರಿನ ಸುದ್ದಿ ಎಂದರೆ ಒಬ್ಬೊಬ್ಬರ ಊರು ಒಂದೊಂದು ದಿಕ್ಕಿಗೆ. ಸಂಬಳದ ಮಾತು ಆಡುವಂತಿಲ್ಲ. ಬೆಂಗಳೂರಿನ ಹವೆಯನ್ನು ಹೊಗಳುವುದು ಎರಡು ವಾಕ್ಯಕ್ಕೆ ಮುಗಿದುಹೋಗುತ್ತದೆ. ವಾಹನಸಂದಣಿಯನ್ನು ಬೈಯುವುದು ನಾಲ್ಕು ವಾಕ್ಯಕ್ಕೆ. ಆಮೇಲೆ ಉಳಿಯುವುದು ತಂಡ.

ಈ ಮಾತಿಗೂ ಒಂದು ಋತುವಿದೆ. ಆಟಗಾರರ ಹರಾಜು ಸಾಮಾನ್ಯವಾಗಿ ಕಾರ್ತಿಕ ಮಾರ್ಗಶಿರಗಳ ಚಳಿಯಲ್ಲಿ ನಡೆಯುತ್ತದೆ. ಪಂದ್ಯಗಳು ಯುಗಾದಿಯ ಆಸುಪಾಸಿನಲ್ಲಿ ತೊಡಗುತ್ತವೆ. ನಡುವಣ ಮೂರು ನಾಲ್ಕು ತಿಂಗಳು ಶುದ್ಧ ಮಾತಿನ ಕಾಲ. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟುಕೊಟ್ಟರು, ಯಾರಿಗೆ ಎಷ್ಟು ಕೋಟಿ ಸುರಿದರು, ಯಾವ ಎಸೆತಗಾರನ ಮೊಣಕಾಲು ಇನ್ನೂ ವಾಸಿಯಾಗಿಲ್ಲ, ಮೂರನೆಯ ಕ್ರಮಾಂಕದಲ್ಲಿ ಯಾರು ಆಡಬೇಕು, ಕೊನೆಯ ನಾಲ್ಕು ಓವರುಗಳನ್ನು ಯಾರ ಕೈಗೆ ಕೊಡಬೇಕು ಎಂಬ ಚರ್ಚೆ ನ್ಯಾಯಶಾಸ್ತ್ರದ ಪೂರ್ವಪಕ್ಷ ಸಿದ್ಧಾಂತಗಳ ಹಾಗೆ ದಿನದಿನವೂ ಸಾಗುತ್ತದೆ. ಇದನ್ನು ಕೇಳಿದವರಿಗೆ ಯುಗಾದಿಯ ಪಂಚಾಂಗ ಶ್ರವಣ ನೆನಪಾಗದಿರದು. ಈ ವರ್ಷದ ರಾಜನಾರು, ಮಂತ್ರಿಯಾರು, ಸಸ್ಯಾಧಿಪತಿಯಾರು, ಮಳೆ ಎಷ್ಟು, ಆದಾಯವೆಷ್ಟು, ವ್ಯಯವೆಷ್ಟು ಎಂದು ನಮ್ಮ ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದರು. ಕೇಳಿದವರೆಲ್ಲರೂ ಅದನ್ನು ಅಕ್ಷರಶಃ ನಂಬುತ್ತಿದ್ದರೆನ್ನಲಾಗದು. ಕೇಳದೆ ಬಿತ್ತನೆಗೆ ಇಳಿಯುತ್ತಿರಲಿಲ್ಲ ಎಂಬುದು ಮಾತ್ರ ದಿಟ. ಜಗಲಿಯ ಜಾಗದಲ್ಲಿ ಈಗ ಬೇಕರಿಯ ಕಟ್ಟೆ ಬಂದಿದೆ. ರಾಜನ ಸ್ಥಾನಕ್ಕೆ ನಾಯಕ, ಮಂತ್ರಿಯ ಸ್ಥಾನಕ್ಕೆ ತರಬೇತುದಾರ.

ಆದರೆ ಪಂಚಾಂಗಕ್ಕಿಂತ ಹತ್ತಿರದ ಹೋಲಿಕೆ ಇನ್ನೊಂದಿದೆ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಕಾರ್ಣಿಕದಲ್ಲಿ ಅನೇಕ ವೇಳೆ ಕ್ರಿಯಾಪದವೂ ಸ್ಪಷ್ಟವಿರುವುದಿಲ್ಲ. ಅದರ ಅರ್ಥ ಮಳೆಗೆ ಸಂಬಂಧಿಸಿದ್ದೋ ರಾಜ್ಯದ ಆಳಿಕೆಗೋ ಎಂದು ಜನ ವರ್ಷವಿಡೀ ವಾದಿಸುತ್ತಾರೆ. ಬೆಂಗಳೂರಿನ ತಂಡದ ಅಭಿಮಾನಿಗಳಿಗೂ ಅಂಥದೊಂದು ವಾಕ್ಯವಿದೆ. ಅದನ್ನು ನಾವು ಇಲ್ಲಿ ಗ್ರಾಂಥಿಕಗೊಳಿಸದೆ, ಬೀದಿಯಲ್ಲಿ ಕೇಳಿಬರುವ ರೂಪದಲ್ಲಿಯೇ ಬರೆಯುತ್ತೇವೆ: ಈ ಸಲ ಕಪ್ ನಮ್ದೇ.

ನಾಲ್ಕೇ ಪದ. ಈ ನಾಲ್ಕು ಪದಗಳನ್ನು ಲಘುವಾಗಿ ನೋಡಬಾರದು. ನಿರ್ದೇಶಕ ವಿಶೇಷಣವೊಂದು, ಅಚ್ಚಗನ್ನಡದ ನಾಮಪದವೊಂದು, ಇಂಗ್ಲಿಷಿನಿಂದ ಬಂದು ಮನೆಯವನಾದ ಪದವೊಂದು, ಷಷ್ಠಿಯಿಂದ ಹುಟ್ಟಿದ ಆಖ್ಯಾತವೊಂದು, ಅದರ ಬಾಲಕ್ಕೆ ಅವಧಾರಣೆಯ ಏಕಾರ. ಹೊರನಾಡಿನಿಂದ ಬಂದವರಿಗೆ ಕನ್ನಡ ಕಲಿಸುವ ಪುಸ್ತಕಗಳು ಸಾಮಾನ್ಯವಾಗಿ ‘ನಿಮ್ಮ ಹೆಸರೇನು’ ಎಂದು ಆರಂಭವಾಗುತ್ತವೆ. ಹೆಸರು ಕೇಳುವುದು ಪೊಲೀಸರ ಮತ್ತು ಕಚೇರಿಗಳ ಅಭ್ಯಾಸ. ಅದರಿಂದ ಸ್ನೇಹ ಬೆಳೆಯುವುದು ನಿಧಾನ. ಬದಲಿಗೆ ಈ ವಾಕ್ಯದಿಂದಲೇ ಮೊದಲ ಪಾಠವನ್ನು ಏಕೆ ಆರಂಭಿಸಬಾರದು? ಒಡಿಶಾದ ವೆಲ್ಡರಿಗೂ ಗುಂಟೂರಿನ ಎಂಜಿನಿಯರಿಗೂ ಇದು ಆಗಲೇ ಬಾಯಿಪಾಠವಾಗಿದೆ. ನಮ್ಮ ಪರಿಷತ್ತುಗಳೂ ಪ್ರಾಧಿಕಾರಗಳೂ ಇಷ್ಟು ವರ್ಷ ದುಡಿದು ಅವರ ಬಾಯಲ್ಲಿ ಒಂದು ಪೂರ್ಣ ಕನ್ನಡ ವಾಕ್ಯವನ್ನು ನೆಲೆಗೊಳಿಸಿದ್ದುಂಟೋ ಇಲ್ಲವೋ, ಆಟವೊಂದು ಅದನ್ನು ಸಾಧಿಸಿದೆ. ‘ಸಲ’ ಎಂಬುದನ್ನು ಕಲಿತವನಿಗೆ ‘ಹೋದ ಸಲ’, ‘ಮುಂದಿನ ಸಲ’ ಕಷ್ಟವಲ್ಲ. ‘ನಮ್ದು’ ಬಂದವನಿಗೆ ‘ನಿಮ್ದು’ ತಾನಾಗಿ ಬರುತ್ತದೆ.

2023ರಲ್ಲಿ ತಂಡದ ನಾಯಕರಾಗಿದ್ದ ದಕ್ಷಿಣ ಆಫ್ರಿಕದ ಫಾಫ್ ಡು ಪ್ಲೆಸಿಸ್ ಈ ವಾಕ್ಯವನ್ನು ಹೇಳಹೋಗಿ ಕೊನೆಯ ಪದದ ಜಾಗದಲ್ಲಿ ‘ನಹಿ’ ಎಂದುಬಿಟ್ಟದ್ದೂ, ಪಕ್ಕದಲ್ಲಿದ್ದ ವಿರಾಟ್ ಕೊಹ್ಲಿ ನಕ್ಕದ್ದೂ ಅನೇಕರಿಗೆ ನೆನಪಿರಬಹುದು. ಆ ವರ್ಷ ವಾಕ್ಯದ ತಪ್ಪು ರೂಪವೇ ಸತ್ಯವಾಯಿತು. ಮರುವರ್ಷ, 2024ರ ಮಾರ್ಚ್ 17ರಂದು, ದಿಲ್ಲಿಯಲ್ಲಿ ನಮ್ಮ ಮಹಿಳಾ ತಂಡ ದಿಲ್ಲಿಯ ತಂಡವನ್ನೇ 8 ವಿಕೆಟ್ಟುಗಳಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ತಂದಿತು. ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ ಅಂದು 12 ರನ್ನು ಕೊಟ್ಟು 4 ವಿಕೆಟ್ಟು ಕಿತ್ತಳು. ನಾಯಕಿ ಸ್ಮೃತಿ ಮಂಧಾನ, ಸಾಂಗ್ಲಿಯಲ್ಲಿ ಬೆಳೆದವಳು, ಇನ್ನು ಮೇಲೆ ‘ನಮ್ದೇ’ ಅಲ್ಲ, ‘ನಮ್ದು’ ಎಂದಳು. ವ್ಯಾಕರಣದ ತರಗತಿಯಲ್ಲಿ ನಾವು ಗಂಟೆಗಟ್ಟಲೆ ವಿವರಿಸುವ ಅವಧಾರಣಾರ್ಥದ ಮರ್ಮವನ್ನು ಆಕೆ ಒಂದು ಮಾತಿನಲ್ಲಿ ತೋರಿಸಿಕೊಟ್ಟಳು. ವಸ್ತು ಕೈಯಲ್ಲಿಲ್ಲದಿರುವಾಗ, ಯಾರಾದರೂ ಅಲ್ಲವೆನ್ನುವ ಸಂಭವವಿರುವಾಗ ಏಕಾರ ಬೇಕು. ಕೈಗೆ ಬಂದ ಮೇಲೆ ಅದು ಉದುರಿಬೀಳುತ್ತದೆ. ಕಪ್ಪನ್ನು ಮೊದಲು ತಂದವರು ಹೆಂಗಸರೆಂಬುದನ್ನು ಬೇಕರಿ ಕಟ್ಟೆಯ ಗಂಡಸರು ಸಾಮಾನ್ಯವಾಗಿ ಮಾತಿನ ಕೊನೆಗೆ, ಯಾರಾದರೂ ಜ್ಞಾಪಿಸಿದರೆ ಮಾತ್ರ ಒಪ್ಪಿಕೊಳ್ಳುತ್ತಾರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಇನ್ನು ‘ನಮ್ಮದು’ ಎಂಬ ಪದ. ತಮಿಳಿನಲ್ಲಿ ‘ನಾಮ್’ ಬೇರೆ, ‘ನಾಂಗಳ್’ ಬೇರೆ. ತೆಲುಗಿನಲ್ಲಿ ‘ಮನಮು’ ಬೇರೆ, ‘ಮೇಮು’ ಬೇರೆ. ತುಳುವಿನಲ್ಲಿ ‘ನಮ’ ಬೇರೆ, ‘ಯೆಂಕುಳು’ ಬೇರೆ. ಕೇಳುವವನನ್ನು ಒಳಗೊಂಡ ನಾವು ಒಂದು. ಅವನನ್ನು ಹೊರಗಿಟ್ಟ ನಾವು ಇನ್ನೊಂದು. ಈ ನಾಡಿನ ಸೋದರ ಭಾಷೆಗಳು ಎಚ್ಚರಿಕೆಯಿಂದ ಕಾಪಾಡಿಕೊಂಡಿರುವ ಈ ಭೇದವನ್ನು ಕನ್ನಡ ಇಂದು ಇಟ್ಟುಕೊಂಡಿಲ್ಲ. ನಮಗೆ ಇರುವುದು ಒಂದೇ ‘ನಾವು’. ಭಾಷಾಶಾಸ್ತ್ರಜ್ಞರು ಇದನ್ನು ಒಂದು ನಷ್ಟವೆಂದು ಪಟ್ಟಿಮಾಡಬಹುದು. ಪೀಣ್ಯದಲ್ಲಿ ಅದು ಲಾಭವಾಗಿಯೇ ಪರಿಣಮಿಸಿದೆ. ಗುಂಟೂರಿನವನು ತನ್ನ ತಾಯಿನುಡಿಯಲ್ಲಿ ಹೇಳಬೇಕಾಗಿ ಬಂದರೆ ಮೊದಲು ನಿಂತು ಯೋಚಿಸಬೇಕು: ಈ ಕಪ್ಪು ಮನದೋ ಮಾದೋ, ಎದುರಿಗಿರುವ ಕನ್ನಡಿಗನೂ ಇದರಲ್ಲಿ ಸೇರಿದ್ದಾನೋ ಇಲ್ಲವೋ ಎಂದು. ಕನ್ನಡದಲ್ಲಿ ಹೇಳುವಾಗ ಆ ಲೆಕ್ಕಾಚಾರ ಬೇಕಿಲ್ಲ. ಹಾಗೆಯೇ ಕನ್ನಡಿಗನೂ ಅವನನ್ನು ಹೊರಗಿಟ್ಟು ಈ ವಾಕ್ಯವನ್ನು ಹೇಳಲಾರ. ಹೊರಗಿಡುವ ಸರ್ವನಾಮವೇ ಅವನ ಬಳಿ ಇಲ್ಲ.

ಆದರೆ ತಂಡ ನಿಜವಾಗಿ ಯಾರದು? 2008ರಲ್ಲಿ ಹುಟ್ಟಿದಾಗ ಅದಕ್ಕೆ ಹೆಸರು ಬಂದದ್ದು ವಿಸ್ಕಿಯ ಮುದ್ರೆಯೊಂದರಿಂದ. ಕೊಂಡವರು ಮದ್ಯದ ವ್ಯಾಪಾರಿಗಳು. ಕೊಟ್ಟ ಬೆಲೆ 11 ಕೋಟಿ 16 ಲಕ್ಷ ಡಾಲರು. ಮೊದಲ ಪಂದ್ಯದಲ್ಲಿಯೇ, ಏಪ್ರಿಲ್ 18ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬ್ರೆಂಡನ್ ಮೆಕ್ಕಲಮ್ ಎಂಬ ನ್ಯೂಜಿಲೆಂಡಿನವನು ಒಬ್ಬನೇ ಔಟಾಗದೆ 158 ಹೊಡೆದ. ರಾಹುಲ್ ದ್ರಾವಿಡರ ನಾಯಕತ್ವದ ನಮ್ಮ ತಂಡ ಎಲ್ಲರೂ ಸೇರಿ 82. 2009ರ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ಟು ಪಡೆದರೂ 6 ರನ್ನುಗಳಿಂದ ಸೋಲು. 2011ರಲ್ಲಿ 58 ರನ್ನುಗಳಿಂದ ಸೋಲು. 2016ರಲ್ಲಿ, ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ನು ಗಳಿಸಿದ ವರ್ಷ, ಮನೆಯಂಗಳದಲ್ಲಿಯೇ 8 ರನ್ನುಗಳಿಂದ ಸೋಲು. ಏಪ್ರಿಲ್ 23 ಎಂಬ ದಿನದ ವಿಚಿತ್ರವನ್ನು ಅಭಿಮಾನಿಗಳು ಪುರಾಣದಂತೆ ಹೇಳಿಕೊಳ್ಳುತ್ತಾರೆ: 2013ರ ಆ ದಿನ ಕ್ರಿಸ್ ಗೇಲ್ ಔಟಾಗದೆ 175 ಹೊಡೆದು ತಂಡ 263 ಮುಟ್ಟಿತು, 2017ರ ಅದೇ ದಿನ ಕೋಲ್ಕತ್ತದಲ್ಲಿ ತಂಡವೆಲ್ಲ 49ಕ್ಕೆ ಉರುಳಿತು. ಇಷ್ಟು ಸೋಲುಗಳ ಮೇಲೂ ಪ್ರತಿ ವರ್ಷ ಚಳಿಗಾಲದಲ್ಲಿ ‘ಈ ಸಲ’ ಎಂದು ಹೇಳುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಹೊರಗಿನ ಊರುಗಳವರು ನಕ್ಕರು. ಗೆಲ್ಲುವ ತಂಡವನ್ನು ಮೆಚ್ಚುವುದು ವ್ಯಾಪಾರಕ್ಕೆ ಹತ್ತಿರದ ಗುಣ. ಸೋಲುವ ತಂಡದ ಮುಂದಿನ ವರ್ಷವನ್ನು ಕುರಿತು ಗಂಭೀರವಾಗಿ ಚರ್ಚಿಸುವುದಕ್ಕೆ ಬೇರೊಂದು ಬಗೆಯ ಸಂಸ್ಕಾರ ಬೇಕು. ಮಳೆ ಕೈಕೊಟ್ಟ ವರ್ಷದ ಮರುವರ್ಷವೂ ಬೀಜವನ್ನು ತೆಗೆದಿಟ್ಟುಕೊಳ್ಳುವ ಒಣಬೇಸಾಯದ ಮನೆಗಳಿಂದ ಬಂದವರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈ ಚರ್ಚೆ ಎಷ್ಟು ಗಂಭೀರವಾದುದು, ಎಷ್ಟು ದಾರಿತಪ್ಪುವಂಥದು ಎಂಬುದಕ್ಕೆ 2025ರ ಋತುವಿಗೆ ಮುಂಚಿನ ತಿಂಗಳುಗಳೇ ಸಾಕ್ಷಿ. 2024ರ ನವೆಂಬರಿನಲ್ಲಿ, ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ ದೊಡ್ಡ ಹರಾಜು. ಕೊಹ್ಲಿಯನ್ನು 21 ಕೋಟಿಗೆ ಮೊದಲೇ ಉಳಿಸಿಕೊಂಡಾಗಿತ್ತು. ಅದರ ಬಗ್ಗೆ ಭಿನ್ನಾಭಿಪ್ರಾಯವಿರಲಿಲ್ಲ. ಕಾವೇರಿದ್ದು ಕೆ. ಎಲ್. ರಾಹುಲ್ ವಿಷಯದಲ್ಲಿ. ನಮ್ಮ ನಾಡಿನ ಹುಡುಗ, ಹಿಂದೆ ಇದೇ ತಂಡದಲ್ಲಿ ಆಡಿದವನು, ಈ ಸಲ ಮನೆಗೆ ಮರಳುತ್ತಾನೆಂದು ಎಲ್ಲರೂ ನಿಶ್ಚಯಮಾಡಿಕೊಂಡಿದ್ದರು. ದಿಲ್ಲಿಯವರು 14 ಕೋಟಿಗೆ ಕೊಂಡರು. ನಮ್ಮವರು ಜೋಶ್ ಹೇಜಲ್‌ವುಡ್‌ನಿಗೆ 12 ಕೋಟಿ 50 ಲಕ್ಷ, ಫಿಲ್ ಸಾಲ್ಟ್‌ನಿಗೆ 11 ಕೋಟಿ 50 ಲಕ್ಷ, ಭುವನೇಶ್ವರ ಕುಮಾರನಿಗೆ 10 ಕೋಟಿ 75 ಲಕ್ಷ ಕೊಟ್ಟರು. ಕರ್ನಾಟಕದ ದೇವದತ್ತ ಪಡಿಕ್ಕಲ್ ಕೊನೆಕೊನೆಗೆ 2 ಕೋಟಿಗೆ ಸೇರಿದ. ಹಾಲು ಕೊಳ್ಳಲು ಹೋಗಿ ಹಗ್ಗ ತಂದರು ಎಂಬಂಥ ಅಸಮಾಧಾನ ಎಲ್ಲೆಡೆ ಹಬ್ಬಿತು. ಫೆಬ್ರುವರಿ 13ರಂದು ಇಂದೋರಿನ ರಜತ್ ಪಾಟಿದಾರನನ್ನು ನಾಯಕನೆಂದು ಸಾರಿದಾಗ, ಈ ಲೀಗಿನಲ್ಲಿ ಒಮ್ಮೆಯೂ ತಂಡವನ್ನು ನಡೆಸದವನೇ ಎಂಬ ಇನ್ನೊಂದು ಶಂಕೆ ಅದಕ್ಕೆ ಸೇರಿತು. 2022ಕ್ಕೆ ಮೊದಲು ಯಜುವೇಂದ್ರ ಚಹಲನನ್ನು ಬಿಟ್ಟುಕೊಟ್ಟ ಹಳೆಯ ಗಾಯವನ್ನು ಈ ನೆಪದಲ್ಲಿ ಮತ್ತೊಮ್ಮೆ ಕೆರೆದದ್ದೂ ಆಯಿತು. ಅದು ಯಾವ ವರ್ಷದ ಚರ್ಚೆಯಲ್ಲಿಯೂ ತಪ್ಪದ ವಿಧಿ. ಶ್ರಾದ್ಧದಲ್ಲಿ ಹಿರಿಯರ ಹೆಸರು ಹೇಳುವಂತೆ.

ಆಮೇಲೆ ನಡೆದದ್ದೇನು? ತಂಡ ಹೊರ ಊರುಗಳಲ್ಲಿ ಲೀಗಿನ 7 ಪಂದ್ಯಗಳಿಗೆ 7ನ್ನೂ ಗೆದ್ದಿತು. ಇಂಥದನ್ನು ಅದುವರೆಗೆ ಯಾವ ತಂಡವೂ ಸಾಧಿಸಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಆಡಿದ ಮೊದಲ ಮೂರು ಪಂದ್ಯಗಳನ್ನು ಒಂದಾದ ಮೇಲೊಂದರಂತೆ ಸೋತಿತು. ಆ ಮೂರರಲ್ಲಿ ಒಂದು, ಏಪ್ರಿಲ್ 10ರದು, ನಮ್ಮ ಪ್ರಸ್ತಾಪಕ್ಕೆ ತೀರ ಮುಖ್ಯವಾದುದು. ದಿಲ್ಲಿಯ ಪರವಾಗಿ ಆಡಿದ ರಾಹುಲ್ ಔಟಾಗದೆ 93 ಹೊಡೆದು ನಮ್ಮನ್ನು ಸೋಲಿಸಿದ. ಗೆಲುವಿನ ಹೊಡೆತವಾದ ಮೇಲೆ ದಾಂಡಿನಿಂದ ನೆಲದ ಮೇಲೆ ವೃತ್ತವೊಂದನ್ನು ಗೀಚಿ, ದಾಂಡನ್ನು ಅದರ ನಡುವೆ ನೆಟ್ಟ. ‘ಕಾಂತಾರ’ ಚಿತ್ರದಿಂದ ಆ ಭಂಗಿ ಬಂದಿತೆಂದೂ, ಇದು ತನ್ನ ಮನೆ, ತನ್ನ ನೆಲ ಎಂದೂ ಆಮೇಲೆ ಹೇಳಿದ. ಕ್ರೀಡಾಂಗಣದಲ್ಲಿದ್ದವರು ಏನು ಮಾಡಬೇಕಿತ್ತು? ನಮ್ಮ ಹುಡುಗ ನಮ್ಮ ನೆಲವನ್ನು ತನ್ನದೆಂದ. ಹಾಗೆನ್ನುತ್ತ ನಮ್ಮ ತಂಡವನ್ನು ಸೋಲಿಸಿದ. ಹಿಂದೆ ಹೇಳಿದ ಆ ಒಂದೇ ‘ನಾವು’ ಅಂದು ಎರಡಾಗಿ ಸೀಳಿತು. ಮರುದಿನ ಪೀಣ್ಯದಲ್ಲಿ ಅದನ್ನು ಉದ್ಧಟತನವೆಂದವರೂ ಇದ್ದರು, ಹರಾಜಿನಲ್ಲಿ ಕೈಬಿಟ್ಟವರಿಗೆ ತಕ್ಕ ಉತ್ತರವೆಂದು ಹಿಗ್ಗಿದವರೂ ಇದ್ದರು. ನಮ್ಮ ಅಭಿಪ್ರಾಯ ಎರಡನೆಯವರ ಕಡೆಗೆ.

ಊರಿನ ಹುಡುಗರು ಆಡುವುದರಿಂದಲೇ ತಂಡ ನಮ್ಮದಾಗುವುದು ಎಂಬ ವಾದವಿದೆ. ಅದು ನಿಜವಾಗಿದ್ದರೆ ನಮ್ಮ ಅಭಿಮಾನವೆಲ್ಲ ರಣಜಿ ತಂಡಕ್ಕೆ ಸಲ್ಲಬೇಕಿತ್ತು. 1974ರಲ್ಲಿ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ, ವಿಶ್ವನಾಥ್, ಚಂದ್ರಶೇಖರ್, ಬ್ರಿಜೇಶ್ ಪಟೇಲ್ ಇವರನ್ನೊಳಗೊಂಡ ಕರ್ನಾಟಕ ಇದೇ ಬೆಂಗಳೂರಿನಲ್ಲಿ ಮುಂಬಯಿಯನ್ನು ಹಿಮ್ಮೆಟ್ಟಿಸಿತು. 15 ವರ್ಷ ಎಡೆಬಿಡದೆ ನಡೆದ ಅದರ ದೊರೆತನ ಅಲ್ಲಿಗೆ ಮುಗಿಯಿತು. 2015ರ ಹೊತ್ತಿಗೆ ಕರ್ನಾಟಕ ರಣಜಿ ಟ್ರೋಫಿಯನ್ನು 8 ಸಲ ಗೆದ್ದಿತ್ತು. ಆದರೂ ಆ ಪಂದ್ಯಗಳು ಬಹುಮಟ್ಟಿಗೆ ಖಾಲಿ ಆಸನಗಳ ಮುಂದೆ ನಡೆಯುತ್ತವೆ. ಆ ತಂಡದ ಭವಿಷ್ಯವನ್ನು ಕುರಿತು ಯಾವ ಚಹಾದ ಅಂಗಡಿಯಲ್ಲಿಯೂ ವಾದವಿಲ್ಲ. ಇದು ನಾಚಿಕೆಯ ವಿಷಯವೇ. ಆದರೆ ಅದರ ಕಾರಣ ಗಮನಾರ್ಹ. ರಣಜಿ ತಂಡ ಕನ್ನಡಿಗನಿಗೆ ಹುಟ್ಟಿನಿಂದ ಬಂದದ್ದು. ಅದನ್ನು ವೈಟ್‌ಫೀಲ್ಡಿನ ಹೊಸಬ ತನ್ನದೆನ್ನಲು ಹಿಂಜರಿಯುತ್ತಾನೆ. ಇನ್ನೊಂದರಲ್ಲಿ ದಿಲ್ಲಿಯ ಕೊಹ್ಲಿ 2008ರಿಂದಲೂ ಊರು ಬಿಡದೆ ನಿಂತಿದ್ದಾನೆ. ದಕ್ಷಿಣ ಆಫ್ರಿಕದ ಡಿ ವಿಲಿಯರ್ಸ್ 2011ರಿಂದ 2021ರವರೆಗೆ ಆಡಿ ಈ ಊರಿನವನೆಂದೇ ಅನ್ನಿಸಿಕೊಂಡ. ಹೊರಗಿನಿಂದ ಬಂದು, ದುಡಿದು, ಬಹುಕಾಲ ಗೆಲ್ಲದೆಯೂ ಇಲ್ಲಿಯವನಾಗುವುದು ಸಾಧ್ಯ ಎಂಬುದಕ್ಕೆ ಬಾಡಿಗೆಯ ಕೋಣೆಯಲ್ಲಿರುವ ತರುಣನಿಗೆ ಇದಕ್ಕಿಂತ ಸಮೀಪದ ನಿದರ್ಶನ ಬೇರೆಲ್ಲಿ ದೊರೆಯಬೇಕು?

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ತಂಡ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿತು. 2009ರಲ್ಲಿ ಕಳೆದುಕೊಂಡ ಅಂತರವೂ ಅದೇ 6. ಗಾಯಗೊಂಡ ಪಡಿಕ್ಕಲನ ಬದಲಿಗೆ ಕೊನೆಯ ವಾರಗಳಲ್ಲಿ ಬಂದ ನಮ್ಮ ಮಯಾಂಕ್ ಅಗರವಾಲ್ ಅಂದು ತಂಡದಲ್ಲಿದ್ದ. ಆ ರಾತ್ರಿ ಬೀದಿಬೀದಿಯಲ್ಲಿ ಪಟಾಕಿ ಸಿಡಿಯಿತು. 17 ವರ್ಷಗಳ ಏಕಾರ ಕಳಚಿಬಿತ್ತು.

ಮರುದಿನದ ವಿಷಯವನ್ನು ಬರೆಯಲು ಕೈ ಏಳುವುದಿಲ್ಲ. ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಜೂನ್ 4ರಂದು ಗೆದ್ದ ತಂಡ ಊರಿಗೆ ಬರುತ್ತದೆ, ಮೆರವಣಿಗೆಯುಂಟು, ಕ್ರೀಡಾಂಗಣದಲ್ಲಿ ಸನ್ಮಾನವುಂಟು, ಪ್ರವೇಶ ಉಚಿತವೆಂಬ ಸುದ್ದಿ ಹಬ್ಬಿತು. ಮೆರವಣಿಗೆ ಉಂಟೋ ಇಲ್ಲವೋ ಎಂಬುದನ್ನು ಯಾರೂ ಜನರಿಗೆ ಸಕಾಲದಲ್ಲಿ ಸ್ಪಷ್ಟವಾಗಿ ಹೇಳಲಿಲ್ಲ. ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗದ ರೈಲು 2023ರಿಂದ ಕಬ್ಬನ್ ಪಾರ್ಕಿನವರೆಗೆ ನೇರವಾಗಿ ಓಡುತ್ತಿದೆ; ಪೀಣ್ಯದಿಂದ ಬರುವವರಿಗೆ ಹಸಿರು ಮಾರ್ಗವಿದೆ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರಾಯಿತು. ಹೀಗೆ ಊರಿನ ಎಲ್ಲ ಅಂಚುಗಳಿಂದಲೂ, ಹೊರಜಿಲ್ಲೆಗಳಿಂದಲೂ ಬಂದವರ ಸಂಖ್ಯೆ ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ಕ್ರೀಡಾಂಗಣದಲ್ಲಿ ಹಿಡಿಸುವವರು ಸುಮಾರು 35,000. ದ್ವಾರಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಬಹುಪಾಲು ಹರೆಯದವರು. ಅವರಲ್ಲಿ ಹೊರನಾಡಿನಿಂದ ಬಂದು ಇಲ್ಲಿ ಕೆಲಸಕ್ಕಿದ್ದವರೂ ಉಂಟು. ‘ನಮ್ದೇ’ ಎಂಬ ಮಾತನ್ನು ಅವರೆಲ್ಲ ಶಬ್ದಾರ್ಥದಲ್ಲಿಯೇ ತೆಗೆದುಕೊಂಡಿದ್ದರು. ತಮ್ಮದನ್ನು ನೋಡಲು ತಾವು ಹೋಗುವುದಕ್ಕೆ ಅಪ್ಪಣೆ ಬೇಕೆಂದು ಅವರಿಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದದ್ದು ಕರೆದವರಿಗೆ.

ಅನಂತರ ವಿಚಾರಣಾ ಆಯೋಗ ಬಂತು. ಜುಲೈಯಲ್ಲಿ ಅದರ ವರದಿಯೂ ಬಂತು. ಸರ್ಕಾರ, ಪೊಲೀಸು, ಕ್ರಿಕೆಟ್ ಸಂಸ್ಥೆ, ತಂಡ, ಉತ್ಸವ ನಡೆಸಿದ ಕಂಪೆನಿ ಒಬ್ಬರನ್ನೊಬ್ಬರು ತೋರಿಸಿದರು. ಆಗಸ್ಟ್ ಕೊನೆಗೆ ತಂಡ ಪ್ರತಿ ಕುಟುಂಬಕ್ಕೆ 25 ಲಕ್ಷ ಘೋಷಿಸಿತು. ಆ ವರ್ಷದ ಮಹಿಳೆಯರ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ಗೊತ್ತಾಗಿದ್ದ ಪಂದ್ಯಗಳು ಬೇರೆ ಊರುಗಳ ಪಾಲಾದವು. ಕಪ್ಪನ್ನು ಮೊದಲು ತಂದವರೇ ಈ ದಂಡವನ್ನೂ ತೆತ್ತರು. ನವೆಂಬರಿನಲ್ಲಿ ಒಡೆತನದ ಕಂಪೆನಿ, ತಂಡದಲ್ಲಿರುವ ತನ್ನ ಹೂಡಿಕೆಯನ್ನು ಪುನರ್ವಿಮರ್ಶಿಸುವುದಾಗಿ ಷೇರುಪೇಟೆಗೆ ಪತ್ರ ಬರೆಯಿತು. ಆ ಚಳಿಗಾಲದ ಮಾತಿಗೆ ಹೀಗೆ ಹೊಸ ವಸ್ತುವೊಂದು ಸೇರಿತು: ಯಾರು ಉಳಿದರು, ಯಾರು ಹೋದರು ಎಂಬುದರ ಜೊತೆಗೆ, ತಂಡವನ್ನೇ ಯಾರು ಕೊಳ್ಳುತ್ತಾರೆ ಎಂಬುದು. ‘ನಮ್ದೇ’ ಎಂದವರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಾನೂನೂ ಇಲ್ಲ.

ಅಭಿಮಾನಿಗಳನ್ನು ಹುಚ್ಚರೆಂದು ಕರೆದು ಕೈತೊಳೆದುಕೊಳ್ಳುವುದು ಆ ಜೂನಿನಲ್ಲಿ ವಿದ್ಯಾವಂತರ ನಡುವೆ ರೂಢಿಯಾಯಿತು. ನಾವು ಅದನ್ನು ಒಪ್ಪೆವು. ಇಡೀ ವರ್ಷ ಬೇಕರಿಯ ಮುಂದೆ ನಿಂತು ಅಷ್ಟು ವಿವೇಕದಿಂದ ಮಧ್ಯಮ ಕ್ರಮಾಂಕದ ದೌರ್ಬಲ್ಯವನ್ನು ವಿಶ್ಲೇಷಿಸಿದ ಜನವೇ ಅಂದು ದ್ವಾರದ ಬಳಿ ನಿಂತದ್ದು. ಅವರ ವಿವೇಕ ಒಂದು ರಾತ್ರಿಯಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಮಾತಿಗೆ ಊರಿನ ತುಂಬ ಜಾಗವಿತ್ತು. ಸಂತೋಷಕ್ಕೆ ಮಾತ್ರ ಇಡೀ ಊರಿಗೆ ಒಂದೇ ಬಾಗಿಲು. ಪೀಣ್ಯದಲ್ಲಿ ಒಂದು ಮೈದಾನ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು, ವೈಟ್‌ಫೀಲ್ಡಿನಲ್ಲಿ ಒಂದು, ದೊಡ್ಡ ತೆರೆ, ಕುಡಿಯುವ ನೀರು, ನಾಲ್ಕು ಅಗಲವಾದ ಹೊರದಾರಿ: ಇಷ್ಟನ್ನು ಏರ್ಪಡಿಸುವುದು ಕೋಟಿಗಟ್ಟಲೆ ಸುರಿದು ಎಸೆತಗಾರನನ್ನು ಕೊಳ್ಳುವವರಿಗೂ, ಅವರಿಂದ ತೆರಿಗೆ ಪಡೆಯುವವರಿಗೂ ಅಸಾಧ್ಯವೇನಲ್ಲ. ಋತುವಿಗೆ ಮುಂಚಿನ ಅಭ್ಯಾಸದ ಆಟಗಳಲ್ಲಿ ಒಂದನ್ನಾದರೂ ನಗರದ ಅಂಚಿಗೆ ಒಯ್ದು ಕಾರ್ಖಾನೆಯ ಜನರಿಗೆ ತೋರಿಸಬಹುದು. ಟಿಕೆಟ್ಟಿನ ಬೆಲೆಯನ್ನು ಒಂದು ತಿಂಗಳ ಬಾಡಿಗೆಗೆ ಹೋಲಿಸಿ ನಗುವ ಹುಡುಗರು ತಮ್ಮ ತಂಡವನ್ನು ಕಣ್ಣಾರೆ ನೋಡಲು ಅದೊಂದೇ ದಾರಿ. ಆಗಸ್ಟ್ 2025ರಿಂದ ಎಲೆಕ್ಟ್ರಾನಿಕ್ ಸಿಟಿಗೂ ಹಳದಿ ಮಾರ್ಗದ ರೈಲು ಓಡುತ್ತಿದೆ. ಮುಂದಿನ ಗೆಲುವಿನ ದಿನ ನಗರದ ನಡುವಿಗೆ ಬರಬಲ್ಲವರ ಸಂಖ್ಯೆ ಇನ್ನಷ್ಟು ಹೆಚ್ಚಿದೆ ಎಂಬುದನ್ನು ಸಂಬಂಧಪಟ್ಟವರು ಈಗಲೇ ಲೆಕ್ಕಕ್ಕೆ ತೆಗೆದುಕೊಂಡರೆ ಒಳಿತು.

ಗೆಲುವಿನ ಮೇಲೆ ವಾಕ್ಯಕ್ಕೆ ಒಂದು ಅಕ್ಷರ ಸೇರಿದೆ. ಈಗ ಕೇಳಿಬರುವುದು ‘ಈ ಸಲಾನೂ ಕಪ್ ನಮ್ದೇ’ ಎಂದು. ಸಮುಚ್ಚಯಾರ್ಥದ ಊಕಾರ, ಹಿಂದಿನದನ್ನು ಮರೆಯದೆ ಮುಂದಿನದನ್ನು ಕೇಳುವ ಪ್ರತ್ಯಯ. ಹಿಂದಿನದು ಎಂದರೆ ಅಹಮದಾಬಾದಿನ ರಾತ್ರಿಯೊಂದೇ ಅಲ್ಲ. ಜೂನ್ 4ರ ಸಂಜೆಯೂ ಅದರೊಳಗಿದೆ. ಒಮ್ಮೆ ಉದುರಿದ ಏಕಾರವೂ ಮರಳಿ ಬಂದಿರುವುದನ್ನು ವ್ಯಾಕರಣಾಸಕ್ತರು ಗಮನಿಸಬೇಕು. ಪೀಣ್ಯದ ಕಟ್ಟೆಯ ಮೇಲೆ ಹೊಸ ಪದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಕೊನೆಯ ನಾಲ್ಕು ಓವರುಗಳನ್ನು ಯಾರ ಕೈಗೆ ಕೊಡಬೇಕೆಂಬುದರಲ್ಲಿ ಮಾತ್ರ ಲೇತಿನವನಿಗೂ ವೆಲ್ಡರಿಗೂ ಇನ್ನೂ ಒಮ್ಮತವಿಲ್ಲ.